ನೀಲಗಿರಿ ಮರ ಮತ್ತು ನೀರಿನ ಲೆಕ್ಕ

ಹೊಸಕೋಟೆ, ಕೋಲಾರದ ಕಡೆ ಬಸ್ಸಿನಲ್ಲಿ ಹೋದರೆ ನೀಲಗಿರಿ ತೋಪುಗಳು ಕಾಣುತ್ತವೆ. ಸಾಲು ಸಾಲು ಮರ. ಬಿಳಿಚಿಕೊಂಡ ಕಾಂಡ. ಕೆಳಗೆ ಹುಲ್ಲು ಕಡಿಮೆ.

ಈ ಮರ ನಮ್ಮ ನಾಡಿನದಲ್ಲ. ಆಸ್ಟ್ರೇಲಿಯಾ ದೇಶದ್ದು. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನ ನಂದಿಬೆಟ್ಟದಲ್ಲಿ ಇದನ್ನು ನೆಡಿಸಿದ ಅಂತ ಹೇಳುತ್ತಾರೆ. ನಮ್ಮ ಹೊಲಗಳಿಗೆ ಬಂದದ್ದು ಬಹಳ ತಡವಾಗಿ. 1980ರ ಸುಮಾರಿಗೆ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪಾದವು.

ಯಾಕೆ ನೆಟ್ಟರು? ಉಳುವುದು, ಬಿತ್ತುವುದು ಬೇಕಿಲ್ಲ. ಆಡು, ದನ ಇದರ ಎಲೆ ತಿನ್ನುವುದಿಲ್ಲ. ಕಾಯುವ ಕೆಲಸವೂ ಇಲ್ಲ. ಕೆಲವು ವರ್ಷ ಬಿಟ್ಟು ಕಡಿದರೆ ಕಾಗದದ ಕಾರ್ಖಾನೆಯವರು ಕೊಳ್ಳುತ್ತಾರೆ. ಹೊಲದ ಯಜಮಾನನಿಗೆ ಸಲೀಸು. ನಮಗೆ? ಕಳೆ ಕೀಳುವ ಕೂಲಿ ಹೋಯಿತು. ಕುಯಿಲಿನ ಕೂಲಿ ಹೋಯಿತು. ದನಕ್ಕೆ ಹಾಕುವ ರಾಗಿ ಹುಲ್ಲೂ ಹೋಯಿತು. ಒಲೆಗೆ ತರಗು, ಪುಳ್ಳೆ ಸಿಕ್ಕಿತು. ಅದನ್ನೂ ಹೇಳಬೇಕು. ಸುಳ್ಳು ಹೇಳಬಾರದು.

ಜೊತೆಗೆ ಇನ್ನೊಂದು ಮಾತು ಎದ್ದಿತು. "ಈ ಮರ ನೀರನ್ನೆಲ್ಲ ಕುಡಿದುಬಿಡ್ತದೆ ಕಣಮ್ಮ, ಬಾವಿ ಬತ್ತಿಹೋಗ್ತದೆ" ಅಂತ ಹಿರಿಯರು ಹೇಳತೊಡಗಿದರು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ನೀಲಗಿರಿ ಸಸಿಗಳನ್ನೇ ಕಿತ್ತುಹಾಕಿದರು. "ಹಾಗೇನೂ ಇಲ್ಲ, ಇದು ಒಳ್ಳೆ ಮರ" ಅಂದವರೂ ಇದ್ದರು. ಯಾರ ಮಾತು ನಿಜ?

ಮಾತಿನಲ್ಲಿ ಇದು ತೀರುವುದಿಲ್ಲ. ಅಳೆದು ನೋಡಬೇಕು. ಬ್ರಿಟನ್ ದೇಶದ ಜಲವಿಜ್ಞಾನಿಗಳು ನಮ್ಮ ರಾಜ್ಯದವರ ಜೊತೆ ಸೇರಿ ಅಳೆದರು. ಹೊಸಕೋಟೆಯಲ್ಲಿ ಅಳೆದರು. ಶಿವಮೊಗ್ಗದ ಕಡೆ ಪುರದಾಳಿನಲ್ಲೂ ಅಳೆದರು. ಮಳೆ ಎಷ್ಟು ಬಿತ್ತು ಎಂದು ಬರೆದಿಟ್ಟರು. ಮಣ್ಣಿನೊಳಗೆ ಉದ್ದನೆಯ ಕೊಳವೆ ಇಳಿಸಿದರು. ಅದರೊಳಗೆ ಯಂತ್ರ ಬಿಟ್ಟು, ಎಷ್ಟು ಆಳದಲ್ಲಿ ಎಷ್ಟು ತೇವ ಇದೆ ಎಂದು ನೋಡಿದರು. ಫಲಿತಾಂಶ 1990ರ ದಶಕದಲ್ಲಿ ಪ್ರಕಟವಾಯಿತು.

ಈಗ ಹೊಸಕೋಟೆಯ ಲೆಕ್ಕ ನೋಡೋಣ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ನೆಲ ಎಂದುಕೊಳ್ಳಿ. ಒಂದು ಚಾಪೆ ಹಾಸುವಷ್ಟೂ ಇಲ್ಲ. ಅಷ್ಟು ನೆಲದ ಮೇಲೆ ಮೂರು ವರ್ಷದಲ್ಲಿ ಬಿದ್ದ ಮಳೆ 2100 ಲೀಟರ್. ಅಷ್ಟೇ ನೆಲದಿಂದ ನೀಲಗಿರಿ ತೋಪು ಬಳಸಿದ ನೀರು 3400 ಲೀಟರ್.

ಎರಡು ಸಲ ಓದಿ. ಬಂದದ್ದು 2100, ಖರ್ಚಾದದ್ದು 3400.

ಮನೆಯಲ್ಲಿ ಹೀಗಾದರೆ ಏನು ಮಾಡುತ್ತೇವೆ? ಕೂಡಿಟ್ಟ ಗಂಟಿಗೆ ಕೈ ಹಾಕುತ್ತೇವೆ. ಮರವೂ ಅದನ್ನೇ ಮಾಡಿತು. ಹಿಂದಿನ ವರ್ಷಗಳ ಮಳೆ ಇಂಗಿ, ಮಣ್ಣಿನ ಆಳದಲ್ಲಿ ತೇವವಾಗಿ ನಿಂತಿತ್ತು. ಬೇರು ಅಲ್ಲಿಗೆ ಇಳಿಯಿತು. ವರ್ಷಕ್ಕೆ ಎರಡೂವರೆ ಮೀಟರಿಗೂ ಹೆಚ್ಚು, ಅಂದರೆ ಎಂಟು ಅಡಿ ಆಳಕ್ಕೆ ಇಳಿಯಿತು. ಕಡಿಮೆ ಬಿದ್ದದ್ದು 1300 ಲೀಟರ್. ಒಂದು ಕೊಡ 13 ಲೀಟರ್ ಹಿಡಿದರೆ 100 ಕೊಡ ನೀರು! ಒಂದು ಚಾಪೆಯಷ್ಟೂ ಇಲ್ಲದ ನೆಲದಿಂದ. ನೂರು ಕೊಡ ಹೊರುವುದು ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ಹಿರಿಯರ ಮಾತೇ ನಿಜ ಅಂತ ಇಲ್ಲಿಗೇ ಪುಸ್ತಕ ಮುಚ್ಚಬೇಡಿ. ಶಿವಮೊಗ್ಗದ ಕಡೆ ಬೇರೆ ಲೆಕ್ಕ ಸಿಕ್ಕಿತು. ಅಲ್ಲಿ ನೀಲಗಿರಿ ಬಳಸಿದ್ದು ಬಿದ್ದ ಮಳೆಯಷ್ಟೇ ನೀರು. ಅಲ್ಲಿನ ಹಳೆಯ ಕಾಡಿನ ಮರಗಳೂ ಹೆಚ್ಚು ಕಡಿಮೆ ಅಷ್ಟನ್ನೇ ಬಳಸಿದ್ದವು.

ಮರ ಅದೇ. ಯಾಕೆ ಹೀಗೆ?

ಮಣ್ಣು ಬೇರೆ. ಅಲ್ಲಿ ಮಣ್ಣಿನ ಆಳ ಸುಮಾರು 3 ಮೀಟರ್, ಅಂದರೆ ಹತ್ತು ಅಡಿ. ಹೊಸಕೋಟೆಯಲ್ಲಿ 8 ಮೀಟರಿಗೂ ಹೆಚ್ಚು. ಅಂದರೆ ಇಪ್ಪತ್ತಾರು ಅಡಿ ದಾಟುತ್ತದೆ. ಗಂಟು ದೊಡ್ಡದಿದ್ದ ಕಡೆ ಮರ ಗಂಟು ಬಿಚ್ಚಿತು. ಗಂಟು ಚಿಕ್ಕದಿದ್ದ ಕಡೆ ಅಂದಿನ ಸಂಪಾದನೆಯಲ್ಲೇ ಬದುಕಿತು.

ರಾಗಿಯನ್ನೂ ಅಳೆದರು. ತೋಪು ಬಳಸುವ ನೀರಿನಲ್ಲಿ ರಾಗಿ ಬಳಸುವುದು ಸುಮಾರು ಅರ್ಧ. ರಾಗಿಗೆ ಆಳದ ಬೇರಿಲ್ಲ. ಕಟಾವಾದ ಮೇಲೆ ಹೊಲ ಖಾಲಿ. ನೀಲಗಿರಿ ಬೇಸಿಗೆಯಲ್ಲೂ ಹಸಿರು, ಬೇಸಿಗೆಯಲ್ಲೂ ಬಾಯಾರಿಕೆ. ರಾಗಿ ಬೆಳೆದ ಹೊಲದಲ್ಲಿ ಬಾವಿಯ ಕಡೆಗೆ ಇಂಗಲು ಸ್ವಲ್ಪ ನೀರಾದರೂ ಉಳಿಯುತ್ತದೆ.

ಒಂದು ವಿಷಯ ಮರೆಯಬಾರದು. ಅವರು ಅಳೆದ ಆ ಮೂರು ವರ್ಷ ಮಳೆ ಕಡಿಮೆ ಇತ್ತು. ಅವರು ಅಳೆದದ್ದು ಮಣ್ಣಿನ ತೇವವನ್ನು, ನಿಮ್ಮ ಊರಿನ ಬಾವಿಯನ್ನಲ್ಲ. ಕೋಲಾರದ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಅಲ್ಲಿಂದ ನೀರೆತ್ತುವುದು ನೀಲಗಿರಿಯಲ್ಲ, ನಾವೇ. ತಪ್ಪನ್ನೆಲ್ಲ ಮರದ ತಲೆಗೆ ಕಟ್ಟುವುದು ಸುಲಭ.

2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಎಂದು ಆದೇಶ ಮಾಡಿತು. ಹಳೆಯ ತೋಪಿನದೇ ತೊಂದರೆ. ಕಡಿದರೂ ಬುಡ ಮತ್ತೆ ಚಿಗುರುತ್ತದೆ. ಬುಡ ಕೀಳಲು ಯಂತ್ರ ತರಿಸಬೇಕು. ಅದಕ್ಕೆ ದುಡ್ಡು ಬೇಕು. ಬುಡ ಕಿತ್ತ ಮೇಲೆ ನಮ್ಮ ಒಲೆಗೆ ಏನು? ಹೊಲದ ಬದುವಿನಲ್ಲಿ ಹೊಂಗೆ, ಹುಣಸೆ ಬೆಳೆದರೆ ಒಲೆಗೂ ಆದೀತು. ಯಾವ ಮರವನ್ನು ಎಲ್ಲಿ ನೆಡಬೇಕು ಎಂಬ ಮಾತು ಗ್ರಾಮಸಭೆಯಲ್ಲಿ ಬಂದಾಗ, ಸೌದೆ ತರುವವರೂ ನೀರು ಹೊರುವವರೂ ಅಲ್ಲಿ ಕೂತಿರಬೇಕು.

ನಿಮ್ಮ ಊರಿನಲ್ಲಿ ಬಾವಿ ತೋಡಿದ ಹಿರಿಯರು ಇದ್ದರೆ ಕೇಳಿ ಬರೆಯಿರಿ:
ಎಷ್ಟು ಅಡಿ ಮಣ್ಣು ಸಿಕ್ಕಿತು?
ಎಷ್ಟನೇ ಅಡಿಗೆ ಬಂಡೆ ಬಂತು?
ಆಗ ನೀರು ಎಷ್ಟು ಅಡಿಗೆ ಸಿಕ್ಕಿತ್ತು?