ಲೆಕ್ಕವೂ ಆಜ್ಞೆಯೂ ಒಂದೇ ಸ್ಲೇಟಿನಲ್ಲಿ

ಯಲಹಂಕದಿಂದ ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಯಶವಂತಪುರಕ್ಕೆ ಹೋಗುವಾಗ ದಾರಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಸಿಗುತ್ತೆ. ಅದೇ ಭಾರತೀಯ ವಿಜ್ಞಾನ ಸಂಸ್ಥೆ. ಬಸ್ಸಿನಿಂದ ನೋಡಿದರೆ ಬರೀ ಮರಗಳೇ. ಕಂಪ್ಯೂಟರಿನ ಕಥೆಗೂ ಆ ಕಾಂಪೌಂಡಿಗೂ ನಂಟಿದೆ ಅಂತ ನನಗೆ ಗೊತ್ತಿರಲಿಲ್ಲ. "ಕಂಪ್ಯೂಟರನ್ನು ನಮ್ಮವರು ಕೊಂಡು ತಂದರೇ ಹೊರತು ಮಾಡಲಿಲ್ಲ" ಎಂದು ತರಗತಿಯಲ್ಲಿ ಜೋರಾಗಿ ವಾದ ಮಾಡಿಬಿಟ್ಟೆ. "ಓದಿ ನೋಡು, ಆಮೇಲೆ ಗೋಡೆಪತ್ರಿಕೆಗೆ ಬರಿ" ಅಂದರು ಮೇಷ್ಟ್ರು.

ಮೊದಲು ಯಂತ್ರದ ವಿಚಾರ. 1945ರಲ್ಲಿ ಅಮೆರಿಕದಲ್ಲಿ ಕಟ್ಟಿ ಮುಗಿಸಿದ ಎನಿಯಾಕ್‌ನಲ್ಲಿ ಸುಮಾರು 18,000 ವಾಲ್ವುಗಳು. (ಹಳೇ ರೇಡಿಯೋದ ಒಳಗೆ ಕೆಂಪಗೆ ಹೊಳೆಯುತ್ತಿದ್ದವಲ್ಲ, ಅವೇ.) ಲೆಕ್ಕವನ್ನೇನೋ ಬಹಳ ಬೇಗ ಮಾಡುತ್ತಿತ್ತು. ಆದರೆ ಬೇರೆ ಬಗೆಯ ಲೆಕ್ಕ ಕೊಡಬೇಕಾದರೆ ವೈರುಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕು, ಸ್ವಿಚ್ಚುಗಳನ್ನು ತಿರುಗಿಸಬೇಕು. ಅದಕ್ಕೇ ದಿನಗಟ್ಟಲೆ ಹಿಡಿಯುತ್ತಿತ್ತು.

ಇದಕ್ಕೆ ಒಂದು ಉಪಾಯ ಕಂಡುಹಿಡಿದರು. 'ಕೂಡು', 'ಕಳೆ', 'ಮೂರನೇ ಸಾಲಿಗೆ ಹೋಗು' ಎಂಬ ಆಜ್ಞೆಗಳನ್ನೂ ಅಂಕಿಗಳಾಗಿ ಬರೆದು, ಲೆಕ್ಕದ ಅಂಕಿಗಳ ಜೊತೆಗೇ ಯಂತ್ರದ ನೆನಪಿನಲ್ಲಿ ಇಡುವುದು. ಒಂದೇ ಸ್ಲೇಟಿನಲ್ಲಿ ಲೆಕ್ಕವೂ ಅದನ್ನು ಬಿಡಿಸುವ ಕ್ರಮವೂ ಇದ್ದ ಹಾಗೆ. ಬೇರೆ ಲೆಕ್ಕ ಬೇಕಾದರೆ ಸ್ಲೇಟು ಒರೆಸಿ ಬರೆದರಾಯ್ತು, ವೈರು ಮುಟ್ಟುವ ಹಾಗೇ ಇಲ್ಲ. ಇದನ್ನು ವಿವರಿಸಿದ ವರದಿಯ ತಾರೀಖು 1945 ಜೂನ್ 30. ಹಲವರು ಸೇರಿ ಯೋಚಿಸಿದ್ದರೂ ಅದರ ಮೇಲೆ ಫಾನ್ ನಾಯ್ಮನ್ ಅವರ ಹೆಸರು ಮಾತ್ರ ಇತ್ತು. ಇದು ನ್ಯಾಯವಲ್ಲ ಅಂತ ನನಗನ್ನಿಸಿತು. ಹೀಗೆ ಆಜ್ಞೆಗಳನ್ನು ನೆನಪಿಟ್ಟುಕೊಂಡು ಮೊದಲು ಕೆಲಸ ಮಾಡಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಒಂದು ಪುಟ್ಟ ಯಂತ್ರ, 1948 ಜೂನ್ 21ರಂದು. ಮೊದಲ ಲೆಕ್ಕಕ್ಕೆ 52 ನಿಮಿಷ ತಗೊಂಡಿತಂತೆ!

ಈಗ ನಮ್ಮ ಕಾಂಪೌಂಡಿಗೆ ಬರೋಣ. ಅದೇ 1945ರ ಜೂನ್ ತಿಂಗಳಲ್ಲಿ, ಅದೇ ಮರಗಳ ನಡುವೆ, ಹೋಮಿ ಭಾಭಾ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಶುರು ಮಾಡಿದರು. ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯ್ತು. ಅಲ್ಲಿ ಆರ್. ನರಸಿಂಹನ್ ಅವರ ತಂಡ ಮೊದಲು ಚಿಕ್ಕ ಮಾದರಿ ಮಾಡಿ ನೋಡಿತು, ಆಮೇಲೆ ದೊಡ್ಡ ಯಂತ್ರವನ್ನೇ ಕಟ್ಟಿತು. 2,700 ವಾಲ್ವುಗಳ ಆ ಯಂತ್ರ 1960ರಲ್ಲಿ ಕೆಲಸಕ್ಕೆ ಬಂತು. 1962ರಲ್ಲಿ ನೆಹರೂ ಅವರು ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು.

ಅದಕ್ಕೂ ಮುಂಚೆ ಇಂಗ್ಲೆಂಡಿನಿಂದ ಒಂದು ಕಂಪ್ಯೂಟರನ್ನು ಕಲ್ಕತ್ತೆಗೆ ಕೊಂಡು ತಂದಿದ್ದರು. ಅಷ್ಟರಮಟ್ಟಿಗೆ ನನ್ನ ವಾದ ಅರ್ಧ ಸರಿ. ಟಿಫ್ರ್ಯಾಕ್ ಮುಗಿಯುವ ಹೊತ್ತಿಗೆ ಹೊರದೇಶದಲ್ಲಿ ಟ್ರಾನ್ಸಿಸ್ಟರ್ ಬಂದು ವಾಲ್ವು ಹಳೇದಾಗಿತ್ತು. "ಹಾಗಾದರೆ ಕಟ್ಟಿದ್ದೆಲ್ಲಾ ದಂಡ" ಅನ್ನುತ್ತಾನೆ ನನ್ನ ಪಕ್ಕದ ಬೆಂಚಿನವನು. ನಾನು ಒಪ್ಪಲ್ಲ. ಯಂತ್ರ ಹಳೇದಾದರೂ ಕಟ್ಟಿದವರ ಕೈಗೆ ವಿದ್ಯೆ ಹತ್ತಿತ್ತಲ್ಲ! ವಾದ ಇನ್ನೂ ಮುಗಿದಿಲ್ಲ.

ಮೇಷ್ಟ್ರ ಮೇಜಿನ ಖಾನೆಯಲ್ಲಿ ಒಂದು ರೇಡಿಯೋ ವಾಲ್ವು ಇದೆ. ಕೇಳಿದರೆ ತೋರಿಸುತ್ತಾರೆ, ಗಾಜು ಜೋಪಾನ.