ಶಿಗ್ಗಾಂವ ತಾಲ್ಲೂಕನ್ನು ಓದೋದು ಹೇಗೆ?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದವರೆಲ್ಲ ಶಿಗ್ಗಾಂವ ದಾಟಿಯೇ ಹೋಗಿರ್ತೀರಿ. ರಾಷ್ಟ್ರೀಯ ಹೆದ್ದಾರಿ 48 ಇಲ್ಲೇ ಹಾಯ್ದು ಹೋಗುತ್ತೆ. ಆದ್ರೆ ಇಳಿದು ನೋಡಿದವರು ಕಡಿಮೆ. ನಮ್ಮ ಕ್ಲಬ್ಬಿನಲ್ಲಿ ಈ ಕಡೆಯ ಗೆಳೆಯರು ಸಾಕಷ್ಟು ಜನ ಇದ್ದೀವಿ, ಹಾಗಾಗಿ ಈ ಸಲ ನಮ್ಮದೇ ತಾಲ್ಲೂಕು ಮತ್ತು ಜಿಲ್ಲೆಯ ಬಗ್ಗೆ ಒಂದು ಸಣ್ಣ ಪಾಠ. ನಾಲ್ಕೇ ಪ್ರಶ್ನೆ: ನೆಲ ಹೇಗಿದೆ, ನೀರು ಎಲ್ಲಿಂದ ಬರುತ್ತೆ, ಜನ ಎಷ್ಟು, ದುಡ್ಡು ಎಲ್ಲಿ ಹುಟ್ಟುತ್ತೆ?

ನೆಲ

ಶಿಗ್ಗಾಂವ ಹಾವೇರಿ ಜಿಲ್ಲೆಯ ತಾಲ್ಲೂಕು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿ ಜಿಲ್ಲೆ ಮಾಡಿದರು. ತಾಲ್ಲೂಕಿನ ಉತ್ತರಕ್ಕೆ ಕುಂದಗೋಳ, ಪಶ್ಚಿಮಕ್ಕೆ ಮುಂಡಗೋಡ, ದಕ್ಷಿಣಕ್ಕೆ ಹಾನಗಲ್ಲ, ಪೂರ್ವಕ್ಕೆ ಸವಣೂರು. ಮ್ಯಾಪ್ ನೋಡಿದರೆ ಒಂದು ವಿಷಯ ಹೊಳೆಯುತ್ತೆ: ಪಶ್ಚಿಮದಲ್ಲಿ ಮಲೆನಾಡಿನ ಅಂಚು, ಪೂರ್ವದಲ್ಲಿ ಬಯಲುಸೀಮೆ. ತಡಸದ ಕಡೆ ಹೋದಂತೆ ಮಳೆ, ಗಿಡಮರ ಜಾಸ್ತಿ. ಸವಣೂರಿನ ಕಡೆ ಹೋದಂತೆ ಮಳೆ ಕಡಿಮೆ, ಎರಿ ಭೂಮಿ ಜಾಸ್ತಿ. ಹಾಗಾಗಿ ಹಾನಗಲ್ಲ ಮತ್ತು ಶಿಗ್ಗಾಂವದ ಪಶ್ಚಿಮ ಭಾಗದಲ್ಲಿ ಭತ್ತ ಕಾಣುತ್ತೆ, ಪೂರ್ವಕ್ಕೆ ಬಂದಂತೆ ಹತ್ತಿ, ಗೋವಿನಜೋಳ, ಶೇಂಗಾ, ಮೆಣಸಿನಕಾಯಿ.

ನೀರು

ಈ ಭಾಗದ ಮುಖ್ಯ ನದಿ ವರದಾ. ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟಿ, ನಮ್ಮ ಜಿಲ್ಲೆಯಲ್ಲಿ ಹರಿದು, ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತೆ. ಹೊಳೆ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಅದಕ್ಕೇ ಶಿಗ್ಗಾಂವ ಏತ ನೀರಾವರಿಯಂಥ ಯೋಜನೆ ಬೇಕಾಯ್ತು. ಇಲ್ಲಿ ನಮ್ಮ ಫಸ್ಟ್ ಇಯರ್ ಫಿಸಿಕ್ಸ್ ಕೆಲಸಕ್ಕೆ ಬರುತ್ತೆ, ಒಂದು ಲೆಕ್ಕ ಮಾಡೋಣ.

ಒಂದು ಎಕರೆಗೆ 5 ಸೆಂ.ಮೀ. ನೀರು ನಿಲ್ಲಿಸಬೇಕು ಅಂದ್ರೆ ಸುಮಾರು 2 ಲಕ್ಷ ಲೀಟರ್ ಬೇಕು. ಉದಾಹರಣೆಗೆ 50 ಮೀಟರ್ ಎತ್ತರಕ್ಕೆ ಏರಿಸಬೇಕು ಅಂತ ಇಟ್ಟುಕೊಳ್ಳಿ. ಸಾವಿರ ಲೀಟರಿಗೆ 490 ಕಿಲೋಜೂಲ್, ಅಂದ್ರೆ 0.136 ಯೂನಿಟ್ ಕರೆಂಟ್. 2 ಲಕ್ಷ ಲೀಟರಿಗೆ ಸುಮಾರು 27 ಯೂನಿಟ್. ಪಂಪಿನ ದಕ್ಷತೆ 70 ಪರ್ಸೆಂಟ್ ಹಿಡಿದರೆ 39 ಯೂನಿಟ್. ಇದು ಒಂದೇ ಎಕರೆಗೆ, ಒಂದೇ ಸಲಕ್ಕೆ! ಅದೇ ನೀರನ್ನು ಹನಿ ನೀರಾವರಿಯಲ್ಲಿ ಉಳಿಸಿದರೆ ಕರೆಂಟೂ ಉಳಿಯುತ್ತೆ. ಏತ ನೀರಾವರಿ ಇರುವ ಕಡೆ ನೀರು ಪೋಲು ಮಾಡೋದು ಅಂದ್ರೆ ಎರಡು ಪಟ್ಟು ನಷ್ಟ.

ಜನ

2021ರ ಜನಗಣತಿ ನಡೆಯಲಿಲ್ಲ, ಹಾಗಾಗಿ 2011ರ ಅಂಕಿಗಳೇ ಗತಿ. ಆಗ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ಚದರ ಕಿ.ಮೀ.ಗೆ 331 ಜನ. ಇಡೀ ಕರ್ನಾಟಕದ ಸರಾಸರಿ 319. ಅಂದ್ರೆ ನಮ್ಮದು ಖಾಲಿ ಜಿಲ್ಲೆಯೇನಲ್ಲ. ಆದ್ರೆ ಪಟ್ಟಣಗಳಲ್ಲಿ ಇರೋರು 22 ಪರ್ಸೆಂಟ್ ಮಾತ್ರ, ರಾಜ್ಯದಲ್ಲಿ ಅದು 38ಕ್ಕಿಂತ ಜಾಸ್ತಿ. ಎರಡೂ ಸೇರಿಸಿ ಓದಿ ನೋಡ್ರಿ: ಜನ ಒತ್ತಾಗಿದ್ದಾರೆ, ಆದ್ರೆ ಹಳ್ಳಿಗಳಲ್ಲಿ, ಹೊಲವನ್ನೇ ನಂಬಿಕೊಂಡು.

ಇನ್ನೊಂದು ಅಂಕಿ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ 15.6 ಪರ್ಸೆಂಟ್ ಏರಿತು, ನಮ್ಮ ಜಿಲ್ಲೆಯದ್ದು 11 ಮಾತ್ರ. ಇದನ್ನು ನೋಡಿ ಎಲ್ಲರೂ ಊರು ಬಿಟ್ಟರು ಅನ್ನೋಕಾಗಲ್ಲ; ಹುಟ್ಟುವ ಮಕ್ಕಳ ಸಂಖ್ಯೆಯೂ ಇದರಲ್ಲಿ ಸೇರಿರುತ್ತೆ. ಆದ್ರೆ ಹುಬ್ಬಳ್ಳಿ, ಬೆಂಗಳೂರು ಬಸ್ಸು ಹತ್ತುವ ನಮ್ಮಂಥವರೂ ಇದರ ಒಂದು ಭಾಗವೇ.

ಜನ ಅಂದ್ರೆ ಬರೀ ಅಂಕಿ ಅಲ್ಲ. ಕನಕದಾಸರು ಹುಟ್ಟಿದ ಬಾಡ ಇದೇ ತಾಲ್ಲೂಕಿನಲ್ಲಿದೆ. ಶರೀಫರ (1819–1889) ಶಿಶುವಿನಹಾಳವೂ ಇಲ್ಲೇ. ಶರೀಫರ ಗುರು ಕಳಸದ ಗೋವಿಂದಭಟ್ಟರು. 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಗೊಟಗೋಡಿಯಲ್ಲಿದೆ, ಪಕ್ಕದಲ್ಲೇ ಉತ್ಸವ ರಾಕ್ ಗಾರ್ಡನ್. ಬಂಕಾಪುರದಲ್ಲಿ ಹಳೇ ಕೋಟೆ, ನಗರೇಶ್ವರ ಗುಡಿ, ಕೋಟೆಯೊಳಗೆ ನವಿಲುಗಳು.

ದುಡ್ಡು

ಈಗ ಮುಖ್ಯ ಪ್ರಶ್ನೆ. ನಮ್ಮಲ್ಲಿ ಬೆಳೆಗೆ ಬರ ಇಲ್ಲ. ಗೋವಿನಜೋಳ ಜಾಸ್ತಿ ಬೆಳೆಯುವ ಜಿಲ್ಲೆಗಳಲ್ಲಿ ಹಾವೇರಿ ಮುಂದಿದೆ. ಅದರಿಂದ ಕೋಳಿ ಆಹಾರ, ಸ್ಟಾರ್ಚ್, ಎಥನಾಲ್ ಆಗುತ್ತೆ. ರೈತ ಮಾರೋದು ಮಾತ್ರ ಕಾಳು. ಕಾಳು ಮತ್ತು ಸ್ಟಾರ್ಚಿನ ನಡುವಿನ ಲಾಭ ಫ್ಯಾಕ್ಟರಿ ಇದ್ದ ಊರಿಗೆ ಹೋಗುತ್ತೆ.

ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ಒಳ್ಳೆ ಉದಾಹರಣೆ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣ ತೆಗೆದು ತಿಂಡಿಗೂ ಲಿಪ್‌ಸ್ಟಿಕ್ಕಿಗೂ ಬಳಸ್ತಾರೆ. ಬ್ಯಾಡಗಿಯಲ್ಲಿ ದೊಡ್ಡ ಮಾರುಕಟ್ಟೆ, ಕೋಲ್ಡ್ ಸ್ಟೋರೇಜ್, ಪುಡಿ ಗಿರಣಿ ಎಲ್ಲ ಇವೆ. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಕಾಯಿ ಬರುತ್ತೆ. ಆದ್ರೂ ಮಾರ್ಚ್ 2024ರಲ್ಲಿ ಬೆಲೆ ಕುಸಿದಾಗ ಅಲ್ಲಿ ರೈತರ ಸಿಟ್ಟು ಗಲಾಟೆಯಾಗಿ ಸಿಡಿಯಿತು. ಮಾರುಕಟ್ಟೆ ಎಷ್ಟು ದೊಡ್ಡದಿದ್ದರೂ, ಒಣಗಿಸಿದ ಕಾಯಿಯನ್ನು ಆ ದಿನವೇ ಮಾರಲೇಬೇಕಾದ ರೈತನ ಕೈಯಲ್ಲಿ ಬೆಲೆ ಇರಲ್ಲ.

ಕೊನೆಗೆ

ರಸ್ತೆ ಇದೆ, ಬೆಳೆ ಇದೆ, ಓದಿದ ಹುಡುಗ ಹುಡುಗಿಯರೂ ಇದ್ದಾರೆ. ಬೆಳೆ ಮತ್ತು ಲಾಭದ ನಡುವಿನ ಒಂದು ಹೆಜ್ಜೆ ಇಲ್ಲಿ ಕಡಿಮೆ ಇದೆ: ಒಣಗಿಸೋದು, ಶೇಖರಿಸೋದು, ಸಂಸ್ಕರಿಸೋದು. ಮೆಕ್ಯಾನಿಕಲ್‌ನವರಿಗೆ ಡ್ರೈಯರ್, ಎಲೆಕ್ಟ್ರಿಕಲ್‌ನವರಿಗೆ ಪಂಪು, ಸಿಎಸ್‌ನವರಿಗೆ ಬೆಲೆಯ ಮಾಹಿತಿ. ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕ್ತಾ ಇದ್ರೆ ಇಷ್ಟು ಸಾಕಲ್ವಾ? ನಿಮ್ಮ ತಾಲ್ಲೂಕಿಗೂ ಈ ನಾಲ್ಕು ಪ್ರಶ್ನೆ ಹಾಕಿ ನೋಡಿ. ಉತ್ತರ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅದೇ ಪಾಠ.