ಡ್ರೈವರ್ ಹೊಡೆತ ಎಡಕ್ಕೆ ಹೊರಳುತ್ತಿದೆಯೇ? ಮೊದಲು ಹಿಡಿತ ನೋಡಿಕೊಳ್ಳಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರು ಕೆಲಸಕ್ಕೆಂದು ಬೆಂಗಳೂರು, ಹೈದರಾಬಾದ್ ಸೇರಿ ಅಲ್ಲಿ ಗಾಲ್ಫ್ ಶುರು ಮಾಡಿದರೆ ಕೈಯಲ್ಲಿ ಮೊದಲೇ ಕ್ರಿಕೆಟ್ ಇರುತ್ತದೆ. ಪುಲ್ ಶಾಟ್‌ಗೆ ಕೆಳಗಿನ ಕೈ ಜೋರು ಮಾಡಿ ಮಣಿಕಟ್ಟು ಹೊರಳಿಸುವುದು ಚಿಕ್ಕಂದಿನ ರೂಢಿ. ಡ್ರೈವರ್ ಹಿಡಿದಾಗಲೂ ಅದನ್ನೇ ಮಾಡಿದರೆ ಚೆಂಡು ನೇರ ಹೊರಟು, ಅರ್ಧ ದಾರಿಯಲ್ಲಿ ಎಡಕ್ಕೆ ಬಾಗಿ, ಬಿದ್ದ ಮೇಲೂ ಉರುಳುತ್ತ ಪೊದೆ ಸೇರುತ್ತದೆ. ಇದೇ ಹುಕ್. (ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರಿಗೆ; ಎಡಗೈಯವರು ತಿರುವುಮುರುವು ಮಾಡಿಕೊಳ್ಳಿ.)

ಚೆಂಡಿಗೆ ತಾಗುವ ಕ್ಷಣದಲ್ಲಿ ಕ್ಲಬ್ ಸಾಗುತ್ತಿರುವ ದಾರಿಗಿಂತ ಅದರ ಮುಖ ಎಡಕ್ಕೆ ಮುಚ್ಚಿಕೊಂಡಿರುವುದೇ ಹುಕ್‌ಗೆ ಕಾರಣ. ಡ್ರೈವರ್ ಮುಖದ ಓರೆ ಸಾಮಾನ್ಯವಾಗಿ 9ರಿಂದ 12 ಡಿಗ್ರಿ ಮಾತ್ರ. ಹಾಗಾಗಿ ಚಿಕ್ಕ ಕಬ್ಬಿಣದ ಕ್ಲಬ್‌ನಲ್ಲಿ ಕಾಣದ ತಪ್ಪು ಇಲ್ಲಿ ದೊಡ್ಡದಾಗಿ ಕಾಣುತ್ತದೆ. ಚೆಂಡು ಎಡಕ್ಕೆ ಹೋಗುತ್ತದೆಂದು ಬಲಕ್ಕೆ ತಿರುಗಿ ನಿಲ್ಲುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಬಲಕ್ಕೆ ನಿಂತಷ್ಟೂ ಕ್ಲಬ್ ಒಳಗಿನಿಂದ ಹೊರಕ್ಕೆ ಸಾಗುತ್ತದೆ, ಹುಕ್ ಇನ್ನೂ ಹೆಚ್ಚುತ್ತದೆ.

ಮೊದಲ ಕೆಲಸ ಹಿಡಿತದ್ದು. ಕ್ಲಬ್ ಹಿಡಿದು ನಿಂತು ಎಡಗೈ ನೋಡಿ. ಬೆರಳಿನ ಗಿಣ್ಣು ಎರಡು ಕಂಡರೆ ಸರಿ. ಮೂರೋ ನಾಲ್ಕೋ ಕಂಡರೆ ಕೈ ಬಲಕ್ಕೆ ಹೆಚ್ಚು ತಿರುಗಿದೆ. ಗುರಿಯ ಕಡೆಗೆ ತುಸು ತಿರುಗಿಸಿ. ಬಲ ಅಂಗೈ ಆಕಾಶ ನೋಡದೆ ಗುರಿ ನೋಡಬೇಕು. ಆರಂಭದ ವರ್ಷಗಳಲ್ಲಿ ಹುಕ್‌ನಿಂದ ಬಳಲಿದ ಅಮೆರಿಕದ ಬೆನ್ ಹೋಗನ್ ಕೂಡ ಹಿಡಿತವನ್ನು ಹೀಗೇ ಬದಲಿಸಿಕೊಂಡರು. ಹೊಸ ಹಿಡಿತದಲ್ಲಿ ಮೊದಮೊದಲು ಚೆಂಡು ಬಲಕ್ಕೆ ಓಡುತ್ತದೆ. ಹೆದರಿ ಹಳೆಯದಕ್ಕೆ ಮರಳಬೇಡಿ. ನಮ್ಮ ಬೇಸಿಗೆಯಲ್ಲಿ ಕೈ ಬೆವರಿ ಕ್ಲಬ್ ಜಾರಿದಾಗ ನಮಗರಿವಿಲ್ಲದೆ ಹಿಡಿತ ತಿರುಗಿಬಿಡುತ್ತದೆ. ಹೊಡೆತಕ್ಕೊಮ್ಮೆ ಕೈ ಒರೆಸಿಕೊಂಡು ಹೊಸದಾಗಿ ಹಿಡಿಯಿರಿ.

ಆಮೇಲೆ ನಿಲುವು. ನೆಲದ ಮೇಲೆ ಎರಡು ಬಿದಿರು ಕೋಲು ಇಡಿ: ಒಂದು ಚೆಂಡಿನಿಂದ ಗುರಿಯ ಕಡೆಗೆ, ಇನ್ನೊಂದು ಕಾಲ್ಬೆರಳುಗಳ ಮುಂದೆ ಅದಕ್ಕೆ ಸಮಾಂತರವಾಗಿ. ಪಾದ, ಸೊಂಟ, ಭುಜ ಮೂರೂ ಆ ಗೆರೆಗೆ ಹೊಂದಲಿ. ಚೆಂಡು ಎಡ ಹಿಮ್ಮಡಿಯ ಒಳಬದಿಯ ನೇರಕ್ಕಿರಲಿ. ಹಿಂದೆ ಸರಿದರೆ ಕ್ಲಬ್ ಇನ್ನೂ ಹೊರಕ್ಕೆ ಸಾಗುತ್ತಿರುವಾಗಲೇ ತಾಗುತ್ತದೆ.

ಬೀಸುವಾಗ ಸೊಂಟ ನಿಂತರೆ ಕೈಗಳು ಹೊರಳುತ್ತವೆ. ಹೊಡೆತ ಮುಗಿದಾಗ ಹೊಕ್ಕುಳು ಗುರಿಯತ್ತ ತಿರುಗಿರಬೇಕು. ಅಭ್ಯಾಸಕ್ಕೆ ಚೆಂಡಿನ ಹಿಂದೆ ಒಂದು ಅಡಿ ಬಿಟ್ಟು, ನಿಮ್ಮ ಕಾಲಿನ ಕಡೆಗೆ, ಸುತ್ತಿದ ಟವೆಲ್ ಇಡಿ. ಕ್ಲಬ್‌ಗೂ ಟವೆಲ್‌ಗೂ ನಾಲ್ಕು ಬೆರಳಿನ ಸಂದು ಸಾಕು. ಅರ್ಧ ವೇಗದಲ್ಲಿ, ಟವೆಲ್ ಮುಟ್ಟದಂತೆ ಬೀಸಿ. ಮುಟ್ಟಿದರೆ ಕ್ಲಬ್ ತೀರ ಒಳಗಿನಿಂದ ಬರುತ್ತಿದೆ ಎಂದರ್ಥ.

ವೇಗ ತಗ್ಗಿಸಲು ಮನಸ್ಸು ಒಪ್ಪದವರಿಗೆ ಬೆಂಗಳೂರಿನ ಅದಿತಿ ಅಶೋಕ್ ಅವರ ಆಟ ತೋರಿಸಬೇಕೆನಿಸುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದ ಅವರು ಬಹುದೂರ ಹೊಡೆಯುವವರ ಸಾಲಿನವರಲ್ಲ.

ಊರಿಗೆ ಬಂದಾಗ ನೆಲ್ಲು ಕೊಯ್ದ ಗದ್ದೆ ಬಯಲಾಗಿ ಕಂಡರೂ ಅಲ್ಲಿ ನಿಜವಾದ ಗಾಲ್ಫ್ ಚೆಂಡು ಹೊಡೆಯಬೇಡಿ. 200 ಮೀಟರ್ ದಾಟಬಲ್ಲ ಚೆಂಡು ಹುಲ್ಲು ಕಟ್ಟುವವರಿಗೋ ಕುರಿ ಕಾಯುವವರಿಗೋ ತಗುಲಿದರೆ ಜೀವಕ್ಕೇ ಅಪಾಯ. ತೂತಿರುವ ಪ್ಲಾಸ್ಟಿಕ್ ಚೆಂಡು ಬಳಸಿ.

ಇಷ್ಟಾದರೂ ಹುಕ್ ಬಿಡದಿದ್ದರೆ ಅಭ್ಯಾಸದ ರೇಂಜ್‌ನಲ್ಲಿ ಕ್ಲಬ್ ಮುಖಕ್ಕೆ ತೆಳ್ಳಗೆ ಪೌಡರ್ ಹಚ್ಚಿ ಹೊಡೆಯಿರಿ. ಗುರುತು ಕ್ಲಬ್ಬಿನ ಹೊರತುದಿಯಲ್ಲಿ ಮೂಡಿದರೆ ಆ ತಾಗುವಿಕೆಯೂ ಚೆಂಡನ್ನು ಎಡಕ್ಕೆ ಬಾಗಿಸುತ್ತದೆ. ಚೆಂಡಿಗೆ ಕೊಂಚ ಹತ್ತಿರ ನಿಲ್ಲಿ. ಹೊಂದಿಸಬಲ್ಲ ಡ್ರೈವರ್ ಆಗಿದ್ದರೆ 'ಡ್ರಾ' (ಚೆಂಡನ್ನು ಎಡಕ್ಕೆ ಬಾಗಿಸುವ) ಗುರುತಿನಲ್ಲಿ ಸಿಕ್ಕಿಸಿದ್ದಾರೆಯೇ ನೋಡಿ, ಇದ್ದರೆ ನಡುವಿನ ಗುರುತಿಗೆ ತನ್ನಿ.